ರಕ್ತ ಹೆಪ್ಪಾಗಲಿ, ಫ್ರೀಜರ್ ಬೇಡ

ಕೇಳುಗರಿಗೆ ನಮಸ್ಕಾರ. ಮಗುವಿಗೆ ಜ್ವರ, ಮೈತುಂಬ ಕೆಂಪು ದದ್ದು. ಮನೆಯಲ್ಲಿ ‘ಅಮ್ಮ ಆಗಿದೆ’ ಅಂತ ಬೇವಿನ ಸೊಪ್ಪು ತರುತ್ತಾರೆ. ತರಲಿ. ಆದರೆ ಅದು ದಡಾರವೋ ರುಬೆಲ್ಲಾವೋ ಅಂತ ಕಣ್ಣಳತೆಯಲ್ಲಿ ಹೇಳಲಾಗದು, ರಕ್ತವೇ ಹೇಳಬೇಕು. ಅದಕ್ಕೇ ಇವತ್ತು ನನ್ನ ಮಾತು ಊರೂರಿನ ಆರೋಗ್ಯ ಕೇಂದ್ರದ ಲ್ಯಾಬ್ ಟೆಕ್ನಿಷಿಯನ್ನರಿಗೆ, ನರ್ಸಮ್ಮಂದಿರಿಗೆ. ಒಂದೇ ಮಾತು: ತೆಗೆದ ರಕ್ತವನ್ನು ಫ್ರೀಜರ್‌ಗೆ ಇಡಬೇಡಿ.

ನಾನು ಪ್ರಯೋಗಾಲಯದಲ್ಲಿದ್ದಾಗ ಮಲೆನಾಡಿನ ಒಂದೂರಿಂದ ಐದು ಮಕ್ಕಳ ರಕ್ತ ಬಂತು. ತಂದ ಹುಡುಗ ರಾತ್ರಿ ಬಸ್ಸಿನಲ್ಲಿ ವ್ಯಾಕ್ಸಿನ್ ಕ್ಯಾರಿಯರನ್ನು, ಅಂದರೆ ಲಸಿಕೆ ಸಾಗಿಸುವ ಐಸಿನ ಡಬ್ಬಿಯನ್ನು, ತೊಡೆ ಮೇಲೇ ಇಟ್ಟುಕೊಂಡು ಬಂದಿದ್ದ. ನಾವು ಬೀಗ ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದ, ಕಾಫಿಯೂ ಕುಡಿದಿರಲಿಲ್ಲ. ಮುಚ್ಚಳ ತೆಗೆದು ನೋಡಿದರೆ, ಐದಕ್ಕೈದೂ ಕೋಕಂ ಶರಬತ್ತು!

‘ಏನಪ್ಪಾ ಮಾಡಿದೆ?’

‘ಕೆಡಬಾರದು ಅಂತ ನಿನ್ನೆಯೆಲ್ಲ ಫ್ರೀಜರ್‌ನಲ್ಲಿಟ್ಟಿದ್ದೆ ಸಾರ್.’

ಬೈಯಲು ಬಾಯಿ ಬರಲಿಲ್ಲ. ಕ್ಯಾಂಟೀನಿಗೆ ಕರೆದೊಯ್ದು ಇಡ್ಲಿ ಕೊಡಿಸಿದೆ. ಅಲ್ಲೇ ಮೊಸರಿನ ಬಟ್ಟಲು ತೋರಿಸಿದೆ. ಹೆಪ್ಪಾದ ಮೊಸರಿನ ಮೇಲೆ ತಿಳಿನೀರು ನಿಲ್ಲುತ್ತದಲ್ಲ, ರಕ್ತದಲ್ಲೂ ಹಾಗೇ, ಹೆಪ್ಪುಗಟ್ಟಿದ ಮೇಲೆ ತಿಳಿಹಳದಿ ಸೀರಮ್ ಬಿಡುತ್ತದೆ. ನಮಗೆ ಬೇಕಾದದ್ದು ಅದು. ರಕ್ತ ಐಸಾದರೆ ಕೆಂಪು ಕಣಗಳು ಒಡೆದು ಬಣ್ಣವೆಲ್ಲ ಸೀರಮ್ಮಿಗೆ ಇಳಿಯುತ್ತದೆ. ಆಮೇಲೆ ಪರೀಕ್ಷೆಯ ಉತ್ತರವನ್ನು ಯಾರು ನಂಬುತ್ತಾರೆ? ಆ ಐದೂ ಮಕ್ಕಳ ತೋಳಿಗೆ ಮತ್ತೆ ಸೂಜಿ ಚುಚ್ಚಬೇಕಾಯಿತು. ಒಬ್ಬ ತಾಯಿ ಎರಡನೇ ಸಲ ಒಪ್ಪಲೇ ಇಲ್ಲ.

ಹಾಗಾಗಿ ಮರೆಯಬೇಡಿ. ಏನೂ ಬೆರೆಸದ ಕೆಂಪು ಮುಚ್ಚಳದ ಟ್ಯೂಬು. ಅಲ್ಲಾಡಿಸದೆ ಅರ್ಧದಿಂದ ಒಂದು ಗಂಟೆ ಹೊರಗೇ ನಿಲ್ಲಿಸಿ, ಹೆಪ್ಪಾಗಲಿ. ಹೆಪ್ಪು ಹಾಕಿದ ಪಾತ್ರೆಯನ್ನು ಯಾರಾದರೂ ಕುಲುಕುತ್ತಾರೆಯೇ? ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಸೀರಮ್ ಬೇರೆ ಮಾಡಿ, 2ರಿಂದ 8 ಡಿಗ್ರಿಯಲ್ಲಿಡಿ. ತಣ್ಣಗಿರಲಿ, ಐಸಾಗುವುದು ಬೇಡ.

ದದ್ದೆದ್ದ 28 ದಿನದೊಳಗೆ ರಕ್ತ ತೆಗೆಯಬಹುದು. ಮೊದಲ ಮೂರು ದಿನದಲ್ಲಿ ತೆಗೆದದ್ದು ನೆಗೆಟಿವ್ ಬಂದರೆ ದಡಾರ ಅಲ್ಲವೆಂದು ಹಾರಾಡಬೇಡಿ, ಮತ್ತೊಮ್ಮೆ ತೆಗೆಯಿರಿ. ಗಂಟಲ ಸ್ವ್ಯಾಬ್ ಬಗ್ಗೆಯೂ ಹೇಳಬೇಕಿತ್ತು, ಸ್ಟುಡಿಯೋ ಗಾಜಿನಾಚೆಯಿಂದ ಎರಡೇ ನಿಮಿಷ ಅಂತ ಬೆರಳು ತೋರಿಸುತ್ತಿದ್ದಾರೆ. ಅದನ್ನು ಬೇಗ ತೆಗೆಯಿರಿ, ಮೊದಲ ವಾರದೊಳಗೇ. ಕಡ್ಡಿಯನ್ನು ಒಣಗಲು ಬಿಡದೆ ವೈರಸ್ ಸಾಗಿಸುವ ದ್ರವದಲ್ಲಿ ಮುಳುಗಿಸಿ.

ಮತ್ತೆ ಟ್ಯೂಬಿನ ಮೇಲೆ ಹೆಸರು, ವಯಸ್ಸು, ತಾರೀಕು ಮಾರ್ಕರ್‌ನಲ್ಲೇ ಬರೆಯಿರಿ. ಕ್ಯಾರಿಯರ್‌ನ ನೀರಿಗೆ ಇಂಕಿನ ಅಕ್ಷರ ಅಳಿಸಿಹೋಗುತ್ತದೆ. ಮತ್ತೆ ಆ ಫ್ರೀಜರ್... ಹ್ಞಾಂ, ಆಯ್ತು ಆಯ್ತು. ನಮಸ್ಕಾರ.