ಬೋರ್ಡಲ್ಲಿರೋ ನಂಬರು ಯಾರದ್ದು?

ಹಿಂದೆ ಕೂತವರಿಗೆ ಕೇಳಿಸ್ತಾ ಇದ್ಯಾ? ಶೀಟ್ ಮೇಲೆ ಮಳೆ ಹೊಡೆಯೋ ಸದ್ದು ನನ್ನ ದನಿಗಿಂತ ಜೋರಿದೆ, ಕೇಳದಿದ್ರೆ ಕೈ ಎತ್ತಿ, ಇನ್ನೂ ಸ್ವಲ್ಪ ಕೂಗ್ತೀನಿ.

ಊರೊಳಗಿನ ರಸ್ತೆಗೆ ಸ್ಪೀಡ್ ಲಿಮಿಟ್ ಎಷ್ಟಿರಬೇಕು ಅಂತ ಅರ್ಧ ಗಂಟೆ ಮಾತಾಡಿ ಸರ್ ಅಂದ್ರು. ಎಷ್ಟು ಅನ್ನೋದಷ್ಟೇ ಆದ್ರೆ ಅರ್ಧ ನಿಮಿಷ ಸಾಕು: ಗಂಟೆಗೆ 30 ಕಿಲೋಮೀಟರ್. ಕಾಫಿ ಕುಡ್ದು ಮನೆಗೆ ಹೋಗ್ಬಹುದು. ಆದ್ರೆ ಆ ನಂಬರು ಎಲ್ಲಿಂದ ಬರುತ್ತೆ, ಯಾರನ್ನ ಕೇಳಿ ಬರೀತಾರೆ ಅನ್ನೋದು ಬೇರೆ ಕತೆ. ನಾನು ಸರ್ವೀಸಲ್ಲಿದ್ದಾಗ ಒಂದ್ಸಲ ಒಂದು ಪೇಟೆ ರಸ್ತೆಗೆ ಬೋರ್ಡ್ ಹಾಕ್ಬೇಕಿತ್ತು, ಯಾವ ನಂಬರ್ ಬರೆಸ್ಲಿ ಅಂತ ಮೇಲಿನವರನ್ನ ಕೇಳಿದ್ರೆ "ಗೋಡೌನಲ್ಲಿ ಯಾವ ಬೋರ್ಡ್ ಇದೆ ನೋಡಪ್ಪ" ಅಂದ್ರು. 40 ಇತ್ತು. 40 ಹಾಕಿದ್ವಿ. ಯಾವ ಊರು, ಯಾವ ಆಫೀಸು ಅಂತ ಕೇಳ್ಬೇಡಿ, ಪೆನ್ಷನ್ ಬರ್ತಾ ಇದೆ.

ಕಾನೂನು ಮೊದ್ಲು ಮುಗಿಸಿಬಿಡೋಣ. 2018ರ ಏಪ್ರಿಲಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸ್ತು, ಅದರ ಪ್ರಕಾರ ನಗರಸಭೆ ಪುರಸಭೆ ವ್ಯಾಪ್ತಿಯ ರಸ್ತೆಲಿ ಕಾರಿಗೆ 70, ಬೈಕಿಗೆ 60, ಆಟೋಗೆ 50. ಹೌದು, ಎಪ್ಪತ್ತು! ಮಡಿಕೇರಿ ಮಹದೇವಪೇಟೆಲಿ 70ರಲ್ಲಿ ಹೋಗೋ ಧೈರ್ಯ ಯಾರಿಗಿದೆ ಹೇಳಿ, ಅಲ್ಲಿ ಒಂದು ಗೂಡ್ಸ್ ಆಟೋ ಸಾಮಾನು ಇಳಿಸೋಕೆ ನಿಂತ್ರೆ ಹಿಂದಿನವರು ಏಳೂ ಹೋಗಲ್ಲ. ಇದು ದೇಶಕ್ಕೆಲ್ಲ ಹಾಕಿದ ಮೇಲಿನ ಗೆರೆ ಅಷ್ಟೇ, ಇಳಿಸೋ ಅಧಿಕಾರ ಕೆಳಗಿದೆ. ಮೋಟಾರು ವಾಹನ ಕಾಯ್ದೆ 1988ರ 112ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರ, ಇಲ್ಲಾ ಸರ್ಕಾರ ಅಧಿಕಾರ ಕೊಟ್ಟವರು, ಜನರ ಸುರಕ್ಷತೆಗೆ ಬೇಕು ಅಥವಾ ರಸ್ತೆನೇ ಹಂಗಿದೆ ಅಂತ ಅನ್ಸಿದ್ರೆ ಕಡಿಮೆ ಮಾಡಬಹುದು, ಗೆಜೆಟಲ್ಲಿ ಹಾಕಿ ಬೋರ್ಡ್ ನೆಡಬೇಕು. ಒಂದು ತಿಂಗಳೊಳಗಿನದ್ದಾದ್ರೆ ಗೆಜೆಟ್ ಕೂಡ ಬೇಡ, ಈ ಮಾತು ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ. ಮೀರಿದ್ರೆ ದಂಡ 183ನೇ ಸೆಕ್ಷನಲ್ಲಿದೆ, ಕಾರು ಬೈಕಿಗೆ ಸಾವಿರದಿಂದ ಎರಡು ಸಾವಿರ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಗೋಡೌನ್ ನೋಡದೆ ಲೆಕ್ಕ ಹಾಕಿ ನಂಬರ್ ಇಡೋದು ಹೆಂಗೆ? ಅಮೆರಿಕದಲ್ಲಿ ಬಹಳ ವರ್ಷದಿಂದ ಒಂದು ಪದ್ಧತಿ ಇದೆ, ನಮ್ಮ ಎಂಜಿನಿಯರಿಂಗ್ ಪಾಠದಲ್ಲೂ ಬರುತ್ತೆ, 85ನೇ ಪರ್ಸೆಂಟೈಲ್ ಅಂತ. ಟ್ರಾಫಿಕ್ ಖಾಲಿ ಇರೋ ಹೊತ್ತಲ್ಲಿ ರಸ್ತೆ ಬದಿ ನಿಂತು ನೂರು ಗಾಡಿ ವೇಗ ಬರ್ಕೊಳ್ಳಿ, ನಿಧಾನ ಹೋದದ್ದನ್ನ ಮೊದಲು, ಜೋರು ಹೋದದ್ದನ್ನ ಕೊನೆಗೆ ಇಟ್ಟು ಸಾಲು ಮಾಡಿ, 85ನೇ ಗಾಡಿ ಎಷ್ಟರಲ್ಲಿ ಹೋಗಿತ್ತೋ ಅದರ ಆಸುಪಾಸೇ ನಿಮ್ಮ ಲಿಮಿಟ್. ಹಿಂದಿರೋ ವಾದ ಏನಂದ್ರೆ ಹೆಚ್ಚಿನ ಡ್ರೈವರ್‌ಗಳಿಗೆ ಬುದ್ಧಿ ಇದೆ, ರಸ್ತೆ ನೋಡಿ ತಾವೇ ವೇಗ ಹಿಡೀತಾರೆ, ಕೊನೆ ಹದಿನೈದು ಜನರನ್ನ ಹಿಡಿದ್ರೆ ಸಾಕು. 1964ರಲ್ಲಿ ಡೇವಿಡ್ ಸೊಲೊಮನ್ ಅನ್ನೋರು ಲೆಕ್ಕ ಹಾಕಿ, ಎಲ್ಲರಿಗಿಂತ ತುಂಬ ಜೋರು ಹೋಗೋನಷ್ಟೇ ಅಲ್ಲ ತುಂಬ ನಿಧಾನ ಹೋಗೋನೂ ಜಾಸ್ತಿ ಅಪಘಾತಕ್ಕೆ ಸಿಗ್ತಾನೆ ಅಂತ ತೋರಿಸಿದ್ರು, ಅದೂ ಇದಕ್ಕೆ ಬಲ ಕೊಡ್ತು. ಆದ್ರೆ ಅವರು ನೋಡಿದ್ದು ಹಳ್ಳಿಗಾಡಿನ ಹೈವೇಗಳನ್ನ, ಸಂತೆ ದಿನದ ಗೋಣಿಕೊಪ್ಪವನ್ನಲ್ಲ.

ನಂಗೆ ಈ ಪದ್ಧತಿ ನೋಡಿದಾಗೆಲ್ಲ ಎಲೆಕ್ಷನ್ ನೆನಪಾಗುತ್ತೆ. ಓಟು ಹಾಕೋರು ಯಾರು? ಸ್ಟೇರಿಂಗ್ ಹಿಡಿದವರು ಮಾತ್ರ. ರಸ್ತೆ ದಾಟೋಕೆ ಅಂತ ಐದು ನಿಮಿಷದಿಂದ ನಿಂತಿರೋ ಅಜ್ಜಿಗೆ ಓಟಿಲ್ಲ, ಸ್ಕೂಲ್ ಮಕ್ಕಳಿಗಿಲ್ಲ, ಭಾನುವಾರ ಸಂತೆಗೆ ಅಂತ ತೋಟದ ಆಳುಗಳ ಲೈನ್ ಮನೆಯಿಂದ ಇಳಿದು ಬಂದು ಚೀಲ ಹೊತ್ಕೊಂಡು ಅಂಚಲ್ಲೇ ನಡೆಯೋ ಹೆಂಗಸರಿಗಿಲ್ಲ. ಭಯಕ್ಕೆ ಆ ರಸ್ತೆಗೇ ಬರೋದು ಬಿಟ್ಟವರು ಲೆಕ್ಕದಲ್ಲೇ ಇಲ್ಲ. ಇನ್ನೊಂದು ತಮಾಷೆ, ಲಿಮಿಟ್ ಏರಿಸಿದ್ರೆ ಜನ ಇನ್ನಷ್ಟು ಒತ್ತುತಾರೆ, ಮುಂದಿನ ಸರ್ವೇಲಿ 85ನೇ ಗಾಡಿ ಇನ್ನೂ ಜೋರಿರುತ್ತೆ, ಮತ್ತೆ ಏರಿಸ್ಬೇಕು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿನೇ 2017ರಲ್ಲಿ ಇದೊಂದನ್ನೇ ನೆಚ್ಕೋಬೇಡಿ ಅಂತು, ಕ್ಯಾಲಿಫೋರ್ನಿಯಾದವರು 2021ರಲ್ಲಿ ಕಾನೂನು ಸಡಿಲ ಮಾಡಿ, ಜನ ಓಡಾಡೋ ರಸ್ತೇಲಿ ಊರಿನವರೇ ಕಡಿಮೆ ಮಾಡ್ಕೊಳ್ಳೋಕೆ ದಾರಿ ಬಿಟ್ರು.

ಹಂಗಾದ್ರೆ ಯಾರನ್ನ ಕೇಳ್ಬೇಕು? ಪೆಟ್ಟು ತಿನ್ನೋರ ಮೈಯನ್ನ. ಇಲ್ಲಿ ಬಹಳಷ್ಟು ಜನ ತೋಟದವರು, ಅದಕ್ಕೆ ತೋಟದ ಲೆಕ್ಕದಲ್ಲೇ ಹೇಳ್ತೀನಿ. ಕರಿಮೆಣಸು ಕುಯ್ಯೋಕೆ ಸಿಲ್ವರ್ ಓಕ್ ಮರಕ್ಕೆ ಏಣಿ ಇಡ್ತೀವಲ್ಲ, 30ರಲ್ಲಿ ಬರೋ ಗಾಡಿ ಗುದ್ದೋದು ಅಂದ್ರೆ ಆ ಏಣಿ ಮೇಲೆ ಮೂರೂವರೆ ಮೀಟರ್ ಎತ್ತರದಿಂದ ನೆಲಕ್ಕೆ ಬಿದ್ದಷ್ಟು ವೇಗ. ಕಾಲು ಮುರಿಬಹುದು, ಆದ್ರೆ ಮನೆಗೆ ವಾಪಸ್ ಬರೋ ಸಾಧ್ಯತೆನೇ ಹೆಚ್ಚು. 50 ಅಂದ್ರೆ ಹತ್ತಿರ ಹತ್ತಿರ 10 ಮೀಟರ್, ಮರದ ತುದಿ ಬಳ್ಳಿಗೆ ಕೈ ಹಾಕೋ ಎತ್ತರ. 70 ಅಂದ್ರೆ 19 ಮೀಟರ್, ಅಷ್ಟು ಎತ್ತರಕ್ಕೆ ಆಳುಗಳ ಕೆಲಸ ನೋಡ್ಕೊಳ್ಳೋ ಯಾವ ತೋಟದ ರೈಟರೂ ಆಳು ಹತ್ತಿಸಲ್ಲ. ವೇಗ 30ರಿಂದ 50ಕ್ಕೆ ಹೋದ್ರೆ ಜಾಸ್ತಿ ಆಗಿದ್ದು ಇಪ್ಪತ್ತೇ ಅನ್ಸುತ್ತೆ, ಏಟು ಮಾತ್ರ ಎರಡೂವರೆ ಪಟ್ಟು ದಾಟುತ್ತೆ, ಯಾಕಂದ್ರೆ ಅದು ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ. 2020ರ ಫೆಬ್ರವರಿಲಿ ಸ್ಟಾಕ್‌ಹೋಮಲ್ಲಿ ದೇಶದೇಶದ ಮಂತ್ರಿಗಳು ಕೂತು, ನಡೆಯೋರು ಸೈಕಲ್‌ನವರು ಗಾಡಿ ಎಲ್ಲ ಒಟ್ಟಿಗೆ ಇರೋ ಕಡೆ 30 ಸಾಕು ಅಂದಿದ್ದೂ ಈ ಲೆಕ್ಕ ನೋಡ್ಕೊಂಡೇ. ಆಸ್ಟ್ರಿಯಾದ ಗ್ರಾಜ್ ಅನ್ನೋ ಊರು 1992ರಲ್ಲೇ ಮಾಡಿತ್ತು.

ಇನ್ನು ನಮ್ಮೂರಿನ ಮಂಜು. ಜುಲೈ ತಿಂಗಳ ಬೆಳಿಗ್ಗೆ ರಾಜಾಸೀಟ್ ಕಡೆ ಗಾಡಿ ತಂದ್ರೆ ಮುಂದೆ 20 ಮೀಟರ್ ಕಂಡ್ರೆ ನಮ್ಮ ಪುಣ್ಯ. ಕಾಣೋವಷ್ಟರೊಳಗೆ ನಿಲ್ಲೋಕೆ ಆಗ್ಬೇಕು, ಅಷ್ಟೇ ತಾನೆ ನಿಯಮ? ಡ್ರೈವರ್ ಚುರುಕು, ಒಂದೇ ಸೆಕೆಂಡಿಗೆ ಬ್ರೇಕ್ ಮೇಲೆ ಕಾಲಿಡ್ತಾನೆ ಅಂತ ಇಟ್ಕೊಳ್ಳಿ. ಒದ್ದೆ ಟಾರಲ್ಲಿ 30ರಲ್ಲಿದ್ರೆ ಸುಮಾರು 17 ಮೀಟರಲ್ಲಿ ನಿಲ್ತಾನೆ, ಇಳಿಜಾರಾದ್ರೆ 19. 40ರಲ್ಲಿದ್ರೆ ಸಮತಟ್ಟಲ್ಲೇ 27 ಬೇಕು, ಅಂದ್ರೆ ಕಾಣದೇ ಇದ್ದ ಹಸುನೋ ಮನುಷ್ಯನೋ ಅಷ್ಟರಲ್ಲಿ ಬಾನೆಟ್ ಮೇಲೆ. ನಮ್ಮ ದೇಶದ ರಸ್ತೆಗಳಿಗೆ ಮಾನದಂಡ ಬರೆಯೋ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನವರು ಇನ್ನೂ ಹುಷಾರು, ಡ್ರೈವರಿಗೆ ಎರಡೂವರೆ ಸೆಕೆಂಡ್ ಕೊಟ್ಟು 30ಕ್ಕೆ 30 ಮೀಟರ್, 40ಕ್ಕೆ 45, 50ಕ್ಕೆ 60 ಮೀಟರ್ ಕಾಣಬೇಕು ಅಂತಾರೆ. ಅದನ್ನ ಹಿಡಿದ್ರೆ ಮಂಜಲ್ಲಿ 20ರಲ್ಲಿ ಹೋಗ್ಬೇಕು. ಫ್ರಾನ್ಸ್ ಮತ್ತೆ ಜರ್ಮನಿಲಿ 50 ಮೀಟರ್‌ಗಿಂತ ಕಡಿಮೆ ಕಂಡ್ರೆ ಹೈವೇಲೂ 50 ದಾಟಂಗಿಲ್ಲ ಅಂತ ಕಾನೂನೇ ಇದೆ. ನಮ್ಮಲ್ಲೂ ಹವಾಮಾನ ನೋಡಿ ನಿಯಮ ಮಾಡೋದು ಹೊಸದೇನಲ್ಲ, ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ಭಾರಿ ಲಾರಿಗಳನ್ನ ನಿಲ್ಲಿಸೋದನ್ನ ನೋಡ್ತಾನೇ ಇದ್ದೀವಿ. ಲಾರಿಗೆ ಆಗೋದು ಕಾರಿಗೆ ಯಾಕಾಗಲ್ಲ? ಒಂದು ತಿಂಗಳ ಮಾತು ಹೇಳಿದ್ನಲ್ಲ, ಜುಲೈ ತಿಂಗಳಿಗೆ, ದಸರಾ ಮಂಟಪಗಳು ಮೆರವಣಿಗೆ ಹೊರಡೋ ದಿನಗಳಿಗೆ ಅದು ಧಾರಾಳ ಸಾಕು.

ಬೋರ್ಡ್ ನೋಡಿ ಯಾರು ನಿಧಾನ ಮಾಡ್ತಾರೆ ಸರ್ ಅಂತ ಮೂರನೇ ಸಾಲಿನ ಅಣ್ಣ ಆಗ್ಲಿಂದ ಗೊಣಗ್ತಾ ಇದ್ದಾರೆ. ನಿಜಾನೇ. ರಸ್ತೆ ಅಗಲ ಮಾಡಿ, ನುಣ್ಣಗೆ ಟಾರ್ ಹಾಕಿ, ಪಕ್ಕದಲ್ಲಿ 30 ಅಂತ ಬರೆದ್ರೆ ರಸ್ತೆ ಒಂದು ಹೇಳುತ್ತೆ ಬೋರ್ಡ್ ಇನ್ನೊಂದು ಹೇಳುತ್ತೆ, ಡ್ರೈವರ್ ರಸ್ತೆ ಮಾತೇ ಕೇಳ್ತಾನೆ. ಅದಕ್ಕೆ ನಾವು ಹಂಪ್ ಹಾಕ್ತೀವಿ, ಅದರಲ್ಲೂ ನಮ್ಮದೇ ಶೈಲಿ. ಪುಸ್ತಕದಲ್ಲಿರೋ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 25ರಲ್ಲಿ ಹೋದ್ರೆ ಸೊಂಟಕ್ಕೆ ಗೊತ್ತೇ ಆಗ್ಬಾರ್ದು. ನಮ್ಮಲ್ಲಿ ಉಳಿದ ಟಾರ್ ಸುರಿದು ದಿಂಡು ಕಟ್ಟಿರ್ತಾರೆ, ಬಣ್ಣ ಒಂದು ಮಳೆಗೆ ಹೋಗಿರುತ್ತೆ, ಹಿಂದೆ ಕೂತ ಬಸುರಿ ಹೆಂಗಸಿನ ಗತಿ ದೇವರೇ ಬಲ್ಲ. ಅಲ್ಲದೆ ನಮ್ಮ ಮುಖ್ಯ ರಸ್ತೆ ರಾಷ್ಟ್ರೀಯ ಹೆದ್ದಾರಿ 275, ಹೆದ್ದಾರಿಗೆ ಹಂಪ್ ಹಾಕೋ ಹಾಗಿಲ್ಲ, ಹಂಗಾಗಿ ಫುಟ್‌ಪಾತ್ ಅಗಲ ಮಾಡೋದು, ದಾಟೋ ಕಡೆ ರಸ್ತೆ ಕಿರಿದು ಮಾಡೋದು, ತಿರುವಿನ ಮೂಲೆ ಬಿಗಿ ಮಾಡೋದು, ಇವೇ ನಮಗಿರೋ ದಾರಿ. ಖರ್ಚೂ ಹೆಚ್ಚಲ್ಲ.

ಕಾಫಿ ಬಂತು ಅನ್ಸುತ್ತೆ, ಒಂದೇ ಮಾತು. ಬರೋ ಭಾನುವಾರ ಬೆಳಿಗ್ಗೆ ಏಳಕ್ಕೆ, ಟೂರಿಸ್ಟ್ ಗಾಡಿಗಳು ತುಂಬೋಕೆ ಮೊದ್ಲು, ಕಾಲೇಜ್ ರಸ್ತೆಲಿ ನಾವೇ ಅಳೆಯೋಣ. 50 ಮೀಟರ್ ದೂರಕ್ಕೆ ಎರಡು ಚಾಕ್‌ಪೀಸ್ ಗೆರೆ, ಮೊಬೈಲಲ್ಲಿ ಸ್ಟಾಪ್‌ವಾಚ್. ಆರು ಸೆಕೆಂಡ್ ತಗೊಂಡ್ರೆ ಸರಿಯಾಗಿ 30, ಮೂರೂವರೆ ಸೆಕೆಂಡಲ್ಲಿ ದಾಟಿದ್ರೆ 50 ಮೀರಿದಾನೆ ಅಂತ. ಗಾಡಿಯವರಿಗೆ ಕಾಣೋ ಹಾಗೆ ನಿಲ್ಬೇಡಿ, ಕಂಡ್ರೆ ಬ್ರೇಕ್ ಹಾಕ್ತಾರೆ, ಲೆಕ್ಕ ಕೆಡುತ್ತೆ. ಇಬ್ಬರು ಗಾಡಿ ಬರ್ಕೊಳ್ಳಿ, ಇಬ್ಬರು ರಸ್ತೆ ದಾಟೋಕೆ ನಿಂತವರು ಎಷ್ಟು ಜನ, ಎಷ್ಟೊತ್ತು ಕಾದ್ರು ಅದನ್ನ ಬರ್ಕೊಳ್ಳಿ. ಟೇಪು ನಾನು ತರ್ತೀನಿ, ಕೊಡೆ ನೀವೇ ತನ್ನಿ.