ಉಂಡ ಮನೆಯ ಋಣ: ಡಯಟೀಷಿಯನ್ನರ ಮಾತು, ಆಹಾರ ಕಂಪನಿಗಳ ದುಡ್ಡು

[ಪರದೆ: ಪ್ಲಾಸ್ಟಿಕ್ ಹಾಳೆಯಲ್ಲಿ ಒಂದೊಂದಾಗಿ ಸುತ್ತಿದ ಹಳದಿ ಸ್ಲೈಸುಗಳು]

ನಮಸ್ಕಾರ. ಇದು ಕ್ರಾಫ್ಟ್ ಸಿಂಗಲ್ಸ್. ಅಮೆರಿಕದ ಮಕ್ಕಳ ಸ್ಯಾಂಡ್‌ವಿಚ್‌ನಲ್ಲಿ ಕಾಣುವ ಸ್ಲೈಸ್. ಪ್ಯಾಕೆಟ್ ಮೇಲಿನ ಸಣ್ಣಕ್ಷರ ಸ್ವಲ್ಪ ಓದಿ. ಬರೀ ‘ಚೀಸ್’ ಅಂತ ಇಲ್ಲ, ಅಲ್ವಾ? ‘ಪಾಶ್ಚರೈಸ್ಡ್ ಪ್ರಿಪೇರ್ಡ್ ಚೀಸ್ ಪ್ರಾಡಕ್ಟ್’ ಅಂತಿದೆ. ಅಲ್ಲಿನ ನಿಯಮದ ಪ್ರಕಾರ ಇದನ್ನು ಸುಮ್ನೆ ಚೀಸ್ ಅಂತ ಕರೆದು ಮಾರುವ ಹಾಗಿಲ್ಲ.

2015ರ ಮಾರ್ಚ್‌ನಲ್ಲಿ ಒಂದು ಸುದ್ದಿ ಹೊರಬಿತ್ತು. ಇದೇ ಪ್ಯಾಕೆಟ್ ಮೇಲೆ ‘ಕಿಡ್ಸ್ ಈಟ್ ರೈಟ್’ ಎಂಬ ಲೋಗೋ ಬರುತ್ತದೆ ಅಂತ. ಆ ಲೋಗೋ ಯಾರದ್ದು? ಅಕಾಡೆಮಿ ಆಫ್ ನ್ಯೂಟ್ರಿಷನ್ ಅಂಡ್ ಡಯಟೆಟಿಕ್ಸ್‌ನದ್ದು. 1917ರಲ್ಲಿ ಶುರುವಾದ ಸಂಘ. 2015ರ ಹೊತ್ತಿಗೆ 70 ಸಾವಿರಕ್ಕೂ ಜಾಸ್ತಿ ಸದಸ್ಯರಿದ್ದರು. ಅಮೆರಿಕದ ಡಯಟೀಷಿಯನ್ನರ, ಅಂದರೆ ಏನು ತಿನ್ನಬೇಕು ಅಂತ ಸಲಹೆ ಕೊಡುವ ಆಹಾರ ತಜ್ಞರ, ಅತಿ ದೊಡ್ಡ ಸಂಘ ಇದು.

ಇದು ಶಿಫಾರಸು ಅಲ್ಲ, ಕ್ರಾಫ್ಟ್ ಕಂಪನಿ ನಮ್ಮ ‘ಕಿಡ್ಸ್ ಈಟ್ ರೈಟ್’ ಅಭಿಯಾನಕ್ಕೆ ಬೆಂಬಲ ಕೊಡುತ್ತಿದೆ ಎಂದು ತೋರಿಸುವ ಗುರುತು ಅಷ್ಟೇ ಅಂತ ಸಂಘ ಸಮಜಾಯಿಷಿ ಕೊಟ್ಟಿತು. ಆದರೆ ಅಳುವ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಗಡಿಬಿಡಿಯಲ್ಲಿ ಸಾಮಾನು ಆರಿಸುವ ಅಮ್ಮನಿಗೆ ಈ ವ್ಯತ್ಯಾಸ ಎಲ್ಲಿಂದ ಗೊತ್ತಾಗಬೇಕು? ಮಕ್ಕಳ ಊಟ ಬಲ್ಲವರು ಒಪ್ಪಿದ್ದಾರೆ ಅಂತಲೇ ಅವಳು ಓದಿಕೊಳ್ಳುತ್ತಾಳೆ.

ಇದನ್ನು ಗಟ್ಟಿಯಾಗಿ ಪ್ರಶ್ನಿಸಿದವರು ಯಾರು ಗೊತ್ತಾ? ಡಯಟೀಷಿಯನ್ನರೇ. ತಮ್ಮದೇ ಸಂಘದ ವಿರುದ್ಧ ಮನವಿಗೆ ಸಹಿ ಹಾಕಿದರು. ‘ರಿಪೀಲ್ ದ ಸೀಲ್’, ಅಂದರೆ ಆ ಮುದ್ರೆ ವಾಪಸ್ ತಗೊಳ್ಳಿ, ಅಂತ ಹ್ಯಾಷ್‌ಟ್ಯಾಗ್ ಓಡಿಸಿದರು. ತಿಂಗಳು ಮುಗಿಯುವಷ್ಟರಲ್ಲಿ ಒಪ್ಪಂದ ಮುರಿದುಬಿತ್ತು. ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾಗುವುದು ಇದೇ ಭಾಗ. ನಾಳೆ ಒಬ್ಬ ಸಕ್ಕರೆ ಕಾಯಿಲೆಯವರು ಎದುರು ಕೂತು ‘ನಾನು ಏನು ತಿನ್ನಲಿ?’ ಅಂತ ಕೇಳಿದಾಗ, ಅವರು ನಂಬುವ ಹಾಗೆ ಮಾತಾಡಬೇಕಾದವರು ಇವರೇ ತಾನೇ.

ಸರಿ, ದುಡ್ಡು ತಗೊಂಡ ಮಾತ್ರಕ್ಕೆ ಸುಳ್ಳು ಹೇಳುತ್ತಾರಾ? ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಇನ್ನೂ ಹಿಂದಕ್ಕೆ ಹೋಗಬೇಕು.

[ಪರದೆ: ಟೈಪ್ ಮಾಡಿದ ಹಳೆಯ ಪತ್ರಗಳು]

ಕ್ರಿಸ್ಟಿನ್ ಕರ್ನ್ಸ್ ಓದಿದ್ದು ದಂತವೈದ್ಯಕೀಯ. ಸಕ್ಕರೆ ಉದ್ಯಮದ ಹಳೆಯ ಪತ್ರಗಳನ್ನು ಹುಡುಕಿ ಓದಿ, 2016ರಲ್ಲಿ ಇಬ್ಬರು ಸಹೋದ್ಯೋಗಿಗಳ ಜೊತೆ ಸೇರಿ ಒಂದು ಪ್ರಬಂಧ ಪ್ರಕಟಿಸಿದರು. ಅದರಲ್ಲಿ ಬಯಲಾದದ್ದು ಇದು. 1960ರ ದಶಕದಲ್ಲಿ ಸಕ್ಕರೆ ಉದ್ಯಮದವರದೇ ಸಂಸ್ಥೆಯಾದ ಶುಗರ್ ರಿಸರ್ಚ್ ಫೌಂಡೇಶನ್ ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳಿಗೆ 6,500 ಡಾಲರ್ ಕೊಟ್ಟಿತ್ತು. 2016ರ ಲೆಕ್ಕದಲ್ಲಿ ಸುಮಾರು 50 ಸಾವಿರ ಡಾಲರ್. ಕೆಲಸ ಏನೆಂದರೆ, ಹೃದಯದ ಕಾಯಿಲೆಗೂ ಸಕ್ಕರೆ, ಕೊಬ್ಬಿಗೂ ಇರುವ ನಂಟಿನ ಬಗ್ಗೆ ಬಂದ ಅಧ್ಯಯನಗಳನ್ನೆಲ್ಲ ಓದಿ ಒಂದು ವಿಮರ್ಶೆ ಬರೆಯುವುದು.

1967ರಲ್ಲಿ ಅದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಊಟದಲ್ಲಿ ಕೊಲೆಸ್ಟ್ರಾಲ್ ಕಡಿಮೆ ಮಾಡಿ, ಬೆಣ್ಣೆಯಂಥ ಸ್ಯಾಚುರೇಟೆಡ್ ಕೊಬ್ಬಿನ ಬದಲು ಎಣ್ಣೆಗಳಲ್ಲಿ ಇರುವಂಥ ಕೊಬ್ಬು ಬಳಸಿ ಎಂದಿತು. ಸಕ್ಕರೆಯ ಮೇಲಿನ ದೂರನ್ನು ಹಗುರ ಮಾಡಿತು. ಈ ಕೆಲಸಕ್ಕೆ ಸಕ್ಕರೆಯವರು ದುಡ್ಡು ಕೊಟ್ಟ ವಿಷಯ ಅದರಲ್ಲಿ ಎಲ್ಲೂ ಇರಲಿಲ್ಲ. ಕರಡನ್ನು ಮೊದಲೇ ನೋಡಿದ್ದ ಫೌಂಡೇಶನ್‌ನ ಜಾನ್ ಹಿಕ್ಸನ್, ನಮ್ಮ ಮನಸ್ಸಿನಲ್ಲಿ ಇದ್ದದ್ದೂ ಇದೇ ಎನ್ನುವ ಅರ್ಥದಲ್ಲಿ ಪತ್ರ ಬರೆದಿದ್ದರು. ಅಂಥ ದುಡ್ಡಿನ ಮೂಲ ಹೇಳಲೇಬೇಕು ಅಂತ ಆ ಪತ್ರಿಕೆ ನಿಯಮ ಮಾಡಿದ್ದು 1984ರಲ್ಲಿ.

ಇಲ್ಲಿ ಯಾರೂ ಸುಳ್ಳು ಅಂಕಿ ಹುಟ್ಟಿಸಿದರು ಅಂತ ಕರ್ನ್ಸ್ ತಂಡ ಹೇಳಲಿಲ್ಲ. ತಕ್ಕಡಿ ಬೇರೆ ಬೇರೆ ಇತ್ತು ಅನ್ನುವುದೇ ಅವರ ಮಾತು. ಸಕ್ಕರೆಯನ್ನು ದೂರುವ ಅಧ್ಯಯನ ಬಂದರೆ ಹುಳುಕು ಹುಡುಕುವುದು, ಕೊಬ್ಬನ್ನು ದೂರುವ ಅಧ್ಯಯನ ಬಂದರೆ ಅಷ್ಟೊಂದು ಕೆದಕದೆ ಬಿಡುವುದು.

‘ಉಂಡ ಮನೆಗೆ ಎರಡು ಬಗೆಯಬೇಡ’ ಅಂತಾರೆ ನಮ್ಮಲ್ಲಿ. ನೆಂಟರಿಷ್ಟರ ನಡುವೆ ಎಷ್ಟು ಒಳ್ಳೆಯ ಮಾತು! ಆದರೆ ಊಟ ಹಾಕಿದ್ದು ಬಿಸ್ಕತ್ ಕಂಪನಿ, ಉಂಡವರು ಮಗುವಿಗೆ ಬಿಸ್ಕತ್ ಬೇಕಾ ಬೇಡವಾ ಅಂತ ಹೇಳಬೇಕಾದವರು ಆದರೆ? ಸಮ್ಮೇಳನದ ಬ್ಯಾಗು, ಮಧ್ಯಾಹ್ನದ ಊಟ, ಮುಂದಿನ ವರ್ಷದ ಹಾಲ್ ಬಾಡಿಗೆ. ಸುಳ್ಳು ಹೇಳಿ ಅಂತ ಯಾರೂ ಒತ್ತಾಯ ಮಾಡುವುದಿಲ್ಲ. ಹೇಳಬೇಕಾದ ಒಂದು ಮಾತು ಮಾತ್ರ ಗಂಟಲಲ್ಲೇ ಉಳಿದುಬಿಡುತ್ತದೆ.

[ಪರದೆ: ಮೆಡಿಕಲ್ ಶಾಪಿನ ಶೆಲ್ಫ್, ಹಸುಗೂಸಿನ ಹಾಲಿನ ಪುಡಿ ಡಬ್ಬ]

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡ ಕಾನೂನೊಂದು ನಮ್ಮ ದೇಶದಲ್ಲೇ ಇದೆ. ಈ ಡಬ್ಬ ತಿರುಗಿಸಿ ನೋಡಿ. ಕೂಸಿಗೆ ಅಂತಲೇ ಮಾಡಿದ ಪುಡಿ, ಕೂಸಿನ ಫೋಟೋ ಮಾತ್ರ ಇಲ್ಲ. 1992ರ ಕಾನೂನು ಅದಕ್ಕೆ ಅವಕಾಶ ಕೊಡುವುದಿಲ್ಲ. 2003ರಲ್ಲಿ ಇದನ್ನು ಇನ್ನೂ ಬಿಗಿ ಮಾಡಿದರು. ಈ ಪುಡಿ, ಶಿಶು ಆಹಾರ ಮಾಡುವ ಕಂಪನಿಗಳು ಆರೋಗ್ಯ ಸಿಬ್ಬಂದಿಗಾಗಲಿ, ಅವರ ಸಂಘಗಳಿಗಾಗಲಿ ಸಮ್ಮೇಳನ, ಸೆಮಿನಾರ್, ಸಂಶೋಧನೆ, ಫೆಲೋಶಿಪ್ ಅಂತ ಯಾವ ಹೆಸರಿನಲ್ಲೂ ದುಡ್ಡು ಕೊಡುವ ಹಾಗಿಲ್ಲ. ತಗೊಂಡು ಆಮೇಲೆ ತಿಳಿಸಿ ಅಂತ ಈ ಕಾನೂನು ಹೇಳುವುದಿಲ್ಲ. ಕೊಡಲೇಬೇಡಿ ಅನ್ನುತ್ತದೆ. ನನ್ನ ಪ್ರಕಾರ ಸರಿಯಾದ ದಾರಿ ಇದೇ. ದುಡ್ಡಿನ ಮೂಲ ತಿಳಿಸಿದರೂ ಋಣ ಋಣವೇ.

ಆದರೆ ಈ ಗೆರೆ ಮಗುವಿಗೆ 2 ವರ್ಷ ತುಂಬುವಲ್ಲಿಗೆ ನಿಂತುಬಿಡುತ್ತದೆ. ಕ್ಯಾಮೆರಾ ಸ್ವಲ್ಪ ಪಕ್ಕಕ್ಕೆ ತಿರುಗಿಸುತ್ತೇನೆ, ನೋಡಿ. ದೊಡ್ಡ ಮಕ್ಕಳು ಹಾಲಿಗೆ ಬೆರೆಸಿ ಕುಡಿಯುವ ಪುಡಿಗಳು, ಬಿಸ್ಕತ್, ಜ್ಯೂಸ್. ಈ ಕಾನೂನು ಇವುಗಳ ಹತ್ತಿರ ಬರುವುದಿಲ್ಲ. ಸಂಘಗಳು ಮನಸ್ಸು ಮಾಡಿದರೆ ಕಾನೂನಿಗೆ ಕಾಯದೆ ತಾವೇ ಬೇಡ ಅನ್ನಬಹುದು. ನೋಡುತ್ತಿರುವ ನೀವು ಡಯಟೀಷಿಯನ್ ಆಗಿದ್ದರೆ, ಮುಂದಿನ ಸಮ್ಮೇಳನದ ಆಹ್ವಾನ ಪತ್ರಿಕೆ ಕೈಗೆ ಬಂದಾಗ ಕೆಳಗಿನ ಲೋಗೋಗಳನ್ನು ಒಂದೊಂದಾಗಿ ಓದಿ. ಸಂಘದ ಸಭೆಯಲ್ಲಿ ಎದ್ದು ನಿಂತು ಅವುಗಳ ಬಗ್ಗೆ ಕೇಳಿ.