ಕೈಕಟ್ಟಿ ನಿಂತವರ ಊರಿನಲ್ಲಿ ಹೀರೋಗಳು

ಎಲ್ಲರಿಗೂ ನಮಸ್ಕಾರ. ಶುರುವಿನಲ್ಲೇ ಒಂದು ಎಚ್ಚರಿಕೆ. ಇವತ್ತು 'ಮೈ ಹೀರೋ ಅಕಾಡೆಮಿಯಾ' ಮಂಗಾದ, ಅಂದರೆ ಜಪಾನಿ ಕಾಮಿಕ್ಸ್‌ನ ಬಗ್ಗೆ ಕೊನೆಯ ಅಧ್ಯಾಯದವರೆಗೂ ಮಾತಾಡುತ್ತೇನೆ. ಯಾರು ಸಾಯುತ್ತಾರೆ, ಯಾರು ಉಳಿಯುತ್ತಾರೆ ಎಲ್ಲಾ ಹೊರಗೆ ಬರುತ್ತದೆ. ಇನ್ನೂ ಓದುತ್ತಾ ಇರುವವರು ಈಗಲೇ ಎದ್ದು ಹೋಗಿ ಕಾಫಿ ಕುಡಿದು ಬನ್ನಿ, ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಓದೇ ಇಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಕೊಹೆಯ್ ಹೊರಿಕೊಶಿ ಬರೆದು, ತಾವೇ ಚಿತ್ರ ಬಿಡಿಸಿದ ಕಥೆ ಇದು. 2014ರ ಜುಲೈನಿಂದ 2024ರ ಆಗಸ್ಟ್‌ವರೆಗೆ ಜಪಾನಿನ 'ವೀಕ್ಲಿ ಶೋನೆನ್ ಜಂಪ್' ವಾರಪತ್ರಿಕೆಯಲ್ಲಿ ಬಂತು, ಒಟ್ಟು 430 ಅಧ್ಯಾಯ. ಆ ಲೋಕದಲ್ಲಿ ಶೇ. 80ರಷ್ಟು ಜನಕ್ಕೆ ಹುಟ್ಟಿನಿಂದಲೇ ಏನಾದರೊಂದು ಶಕ್ತಿ ಇರುತ್ತದೆ. ಅದಕ್ಕೆ ಕ್ವರ್ಕ್ ಅನ್ನುತ್ತಾರೆ. ಆದರೆ ಅದನ್ನು ಬೀದಿಯಲ್ಲಿ ಬಳಸಬೇಕು ಅಂದರೆ ಲೈಸೆನ್ಸ್ ಬೇಕು. ಲೈಸೆನ್ಸ್ ಇದ್ದವನು ಹೀರೋ. ಅದೊಂದು ನೌಕರಿ. ಸಂಬಳ ಇದೆ, ರ‍್ಯಾಂಕ್ ಪಟ್ಟಿ ಇದೆ, ಜಾಹೀರಾತೂ ಸಿಗುತ್ತದೆ.

ಈ ಲೈಸೆನ್ಸ್ ಅನ್ನುವುದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಮೊದಲ ಅಧ್ಯಾಯಕ್ಕೆ ಬನ್ನಿ. ಇಜುಕು ಮಿದೊರಿಯಾ, ಎಲ್ಲರೂ ದೇಕು ಅಂತ ಕರೆಯುವ ಹುಡುಗ, ಅವನಿಗೆ ಕ್ವರ್ಕ್ ಇಲ್ಲ. ಬಾಕುಗೊ ಅನ್ನುವ ಜೊತೆಗಾರ ಅವನನ್ನು ಚಿಕ್ಕಂದಿನಿಂದ ಹೀಯಾಳಿಸುತ್ತಾ ಬಂದಿದ್ದಾನೆ, ಅವತ್ತು ತಾನೇ ಮಹಡಿಯಿಂದ ಹಾರಿ ಸಾಯಿ ಅಂದಿದ್ದಾನೆ. ಅದೇ ಬಾಕುಗೊ ಒಂದು ಕೆಸರಿನ ವಿಲನ್ ಕೈಗೆ ಸಿಕ್ಕಿ ಉಸಿರುಗಟ್ಟುತ್ತಾನೆ. ಸುತ್ತ ಜನ. ಲೈಸೆನ್ಸ್ ಇರುವ ಹೀರೋಗಳೂ ನಿಂತಿದ್ದಾರೆ. ಒಬ್ಬನದು ಮರದ ಮೈ, ಇಲ್ಲಿ ಬೆಂಕಿ, ಆಗಲ್ಲ. ಇನ್ನೊಬ್ಬಳು ದೈತ್ಯಳಾಗಿ ಬೆಳೆಯುವವಳು, ಆ ಸಂದಿಯಲ್ಲಿ ಜಾಗ ಸಾಲದು. ಸರಿಯಾದ ಕ್ವರ್ಕ್ ಇರೋರು ಯಾರಾದರೂ ಬರಲಿ, ಅಲ್ಲಿವರೆಗೆ ಕಾಯೋಣ ಅನ್ನುತ್ತಾರೆ. ಲೋಕದ ನಂಬರ್ ಒನ್ ಆಲ್ ಮೈಟ್ ಕೂಡ ಅದೇ ಗುಂಪಿನಲ್ಲಿ ಸೊರಗಿದ ಮೈಯಲ್ಲಿ ನಿಂತಿದ್ದಾನೆ, ಅವನ ಆ ದಿನದ ಶಕ್ತಿ ಮುಗಿದಿದೆ. ಓಡಿ ಹೋಗುವವನು ದೇಕು ಮಾತ್ರ. ಏನೂ ಇಲ್ಲದವನು, ಬ್ಯಾಗ್ ಎಸೆದು, ಬರಿಗೈಯಲ್ಲಿ ಕೆಸರು ಕೆರೆಯುತ್ತಾನೆ. ಅದನ್ನು ಕಂಡ ಆಲ್ ಮೈಟ್ ತನ್ನ ಮಿತಿ ಮೀರಿ ಮುನ್ನುಗ್ಗಿ ಇಬ್ಬರನ್ನೂ ಉಳಿಸುತ್ತಾನೆ. ಇಷ್ಟಾದ ಮೇಲೆ ಆ ಹೀರೋಗಳು ಬೈಯುವುದು ಯಾರಿಗೆ? ದೇಕುಗೆ.

ಎಲ್ಲರೂ ಈ ದೃಶ್ಯವನ್ನು ಧೈರ್ಯದ ಕಥೆ ಅಂತ ಓದುತ್ತಾರೆ, ನಾನೂ ಮೊದಲ ಸಲ ಹಾಗೇ ಓದಿದ್ದೆ. ಎರಡನೇ ಸಲ ಓದಿದಾಗ ಕಣ್ಣು ಹೋದದ್ದು ಸುತ್ತ ನಿಂತವರ ಕಡೆ. ಈ ಕಥೆಯಲ್ಲಿ ಹಿಂಸೆ ಶುರುವಾಗುವುದು ವಿಲನ್ ಹೊಡೆದಾಗ ಅಲ್ಲ, ಅದಕ್ಕೂ ಮುಂಚೆ, 'ಯಾರಾದರೂ ಬರ್ತಾರೆ ಬಿಡು' ಅಂತ ಜನ ಅಂದುಕೊಂಡಾಗ. ಇವತ್ತು ನಾನು ಹೇಳಬೇಕು ಅಂತ ಬಂದಿದ್ದು ಇಷ್ಟೇ.

ಇದಕ್ಕೆ ಸಾಕ್ಷಿ ಬೇಕಾದರೆ ಮುಖ್ಯ ವಿಲನ್ ಶಿಗರಾಕಿಯನ್ನೇ ನೋಡಿ. ಅವನ ನಿಜವಾದ ಹೆಸರು ತೆಂಕೊ ಶಿಮುರಾ. ಅವನ ಅಪ್ಪನ ತಾಯಿ, ನಾನಾ ಅನ್ನುವವಳು, ದೊಡ್ಡ ಹೀರೋ, ಆಲ್ ಮೈಟ್‌ನ ಗುರು. ವಿಲನ್‌ಗಳಿಂದ ಉಳಿಸಬೇಕು ಅಂತ ಮಗನನ್ನು ಬೇರೆಯವರ ಮನೆಯಲ್ಲಿ ಬಿಟ್ಟು ಹೋದವಳು. ಆ ಮಗ ಬೆಳೆದು ಅಪ್ಪನಾದ, ಮನೆಯಲ್ಲಿ ಹೀರೋಗಳ ಹೆಸರೆತ್ತಿದರೆ ಹೊಡೆಯುವ ಅಪ್ಪ. ಉಳಿದವರು ಸುಮ್ನೆ ನೋಡುತ್ತಿದ್ದರು. ತೆಂಕೊಗೆ ಐದು ವರ್ಷ ಇದ್ದಾಗ ಮುಟ್ಟಿದ್ದೆಲ್ಲ ಪುಡಿಯಾಗುವ ಶಕ್ತಿ ಒಮ್ಮೆಲೇ ಹೊರಬರುತ್ತದೆ. ಮೊದಲು ನಾಯಿ, ಆಮೇಲೆ ಅಕ್ಕ, ಅಮ್ಮನ ಕಡೆಯ ಅಜ್ಜ ಅಜ್ಜಿ, ಅಮ್ಮ. ಕೊನೆಗೆ ಅಪ್ಪ. ಅಪ್ಪನನ್ನು ಮಾತ್ರ ಬೇಕೆಂದೇ ಮುಟ್ಟುತ್ತಾನೆ. ಆಮೇಲೆ ಆ ಮಗು ಹರಿದ ಬಟ್ಟೆಯಲ್ಲಿ ಊರೆಲ್ಲ ಅಲೆಯುತ್ತದೆ. ಜನ ನೋಡುತ್ತಾರೆ, ಪಕ್ಕಕ್ಕೆ ಸರಿಯುತ್ತಾರೆ. ಒಬ್ಬ ವಯಸ್ಸಾದ ಹೆಂಗಸು ಹತ್ತಿರ ಬಂದು ಮಾತಾಡಿಸುತ್ತಾಳೆ, ಮುಖ ನೋಡಿ ಹೆದರಿ, ಹೀರೋನೋ ಪೊಲೀಸೋ ಬರ್ತಾರೆ ಅನ್ನೋ ಥರ ಏನೋ ಹೇಳಿ ಹೊರಟು ಹೋಗುತ್ತಾಳೆ. ಕೊನೆಗೆ ಅವನ ಕೈ ಹಿಡಿದವನು ಒಬ್ಬನೇ, ಆಲ್ ಫಾರ್ ಒನ್. ಲೋಕದಲ್ಲೇ ಅತ್ಯಂತ ಕೆಟ್ಟವನು.

ಶಿಗರಾಕಿ ಮೈಮೇಲೆಲ್ಲ ಕತ್ತರಿಸಿದ ಕೈಗಳನ್ನು ಹಾಕಿಕೊಂಡಿರುತ್ತಾನಲ್ಲ, ಮುಖದ ಮೇಲೂ ಒಂದು. ಅವು ಅವನ ಮನೆಯವರ ಕೈಗಳು. ಚಿತ್ರದಲ್ಲಿ ನೋಡಿದಾಗ ಸುಮ್ನೆ ಹೆದರಿಸೋಕೆ ಬಿಡಿಸಿದ್ದಾರೆ ಅನಿಸಿತ್ತು.

ಇನ್ನು ಎಂಡೆವರ್. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಈ ಮಂಗಾ ಓದುವವರಲ್ಲಿ ಜಗಳ ಆಗುವುದು ಇವನ ವಿಷಯಕ್ಕೇ ಜಾಸ್ತಿ. ನಂಬರ್ ಟೂ ಹೀರೋ, ಬೆಂಕಿಯ ಶಕ್ತಿ. ಆಲ್ ಮೈಟ್‌ನನ್ನು ದಾಟಲು ತನ್ನಿಂದ ಆಗಲ್ಲ ಅಂತ ಗೊತ್ತಾದಾಗ, ಮಂಜಿನ ಶಕ್ತಿ ಇರುವ ರೇಯನ್ನು ಆ ಶಕ್ತಿಗಾಗಿಯೇ ಮದುವೆಯಾಗುತ್ತಾನೆ, ಎರಡೂ ಸೇರಿದ ಮಗು ಹುಟ್ಟಲಿ ಅಂತ. ಮೊದಲ ಮಗ ತೊಯಾನ ಬೆಂಕಿ ಅಪ್ಪನದಕ್ಕಿಂತ ಜೋರು, ಆದರೆ ಮೈ ಅಮ್ಮನದು, ತನ್ನ ಬೆಂಕಿ ತನ್ನನ್ನೇ ಸುಡುತ್ತದೆ. ಅಪ್ಪ ಅವನನ್ನು ಪಕ್ಕಕ್ಕಿಟ್ಟ. ಮತ್ತೆ ಮಕ್ಕಳು. ನಾಲ್ಕನೆಯವನು ಶೊತೊ, ಬೇಕಾದ ಹಾಗೇ ಹುಟ್ಟಿದ. ಅವನಿಗೆ ಹೊಡೆದು ಬಡಿದು ತರಬೇತಿ. ತಡೆಯಲು ಬಂದ ಅಮ್ಮನಿಗೂ ಏಟು. ಒಂದು ದಿನ ಆ ಅಮ್ಮ ಮಗನ ಎಡಗಡೆ ಮುಖದಲ್ಲಿ ಗಂಡನನ್ನು ಕಂಡು ಕುದಿಯುವ ನೀರು ಸುರಿಯುತ್ತಾಳೆ. ಅವಳನ್ನು ಆಸ್ಪತ್ರೆಗೆ ಸೇರಿಸುತ್ತಾರೆ. ಸತ್ತ ಅಂತ ಎಲ್ಲರೂ ನಂಬಿದ್ದ ತೊಯಾ, ದಾಬಿ ಅನ್ನುವ ವಿಲನ್ ಆಗಿ ವಾಪಸ್ ಬಂದು ಇಡೀ ದೇಶದ ಮುಂದೆ ಇದನ್ನೆಲ್ಲ ಹೇಳುತ್ತಾನೆ. ಅಷ್ಟೊತ್ತಿಗೆ ಎಂಡೆವರ್ ನಂಬರ್ ಒನ್.

ಇಲ್ಲಿ ಹೊರಿಕೊಶಿಯ ಒಂದು ಕೆಲಸ ನನಗೆ ಇಷ್ಟ. ಎಂಡೆವರ್ ಬದಲಾಗುತ್ತಾನೆ, ನಿಜವಾಗಿಯೂ ಬದಲಾಗುತ್ತಾನೆ. ಆದರೆ ಅದಕ್ಕೆ ಎಲ್ಲರೂ ಕ್ಷಮಿಸಬೇಕು ಅಂತ ಕಥೆ ಹಟ ಹಿಡಿಯುವುದಿಲ್ಲ. ಇನ್ನೊಬ್ಬ ಮಗ ನತ್ಸುವೊ ಕ್ಷಮಿಸುವುದಿಲ್ಲ, ಅಪ್ಪನಿಂದ ದೂರವೇ ಆಗುತ್ತಾನೆ. ಅಪ್ಪನೂ ಅದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಶತ್ರುವಿನ ಮೇಲೆ ಹಾಕಿದ ಏಟಿಗೆ ಚಪ್ಪಾಳೆ ಸಿಗುತ್ತದೆ, ಹೆಂಡತಿ ಮೇಲೆ ಬಿದ್ದ ಏಟು ಅದೇ ಕೈಯದ್ದು. ಒಂದೊಳ್ಳೆಯ ಕೆಲಸ ಮಾಡಿ ಇನ್ನೊಂದನ್ನು ಅಳಿಸೋಕೆ ಆಗಲ್ಲ, ಅಲ್ವಾ?

ಸ್ಟೇನ್ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ. 17 ಹೀರೋಗಳನ್ನು ಕೊಂದವನು. ಇವರೆಲ್ಲ ದುಡ್ಡಿಗೆ, ಹೆಸರಿಗೆ ದುಡಿಯುವ ನಕಲಿಗಳು ಅನ್ನುವುದು ಅವನ ವಾದ. ವಾದದಲ್ಲಿ ಅರ್ಧ ನಿಜ ಇದೆ, ಅದಕ್ಕೇ ಅವನ ಮಾತಿಗೆ ಮರುಳಾಗಿ ಹುಡುಗರು ವಿಲನ್ ಗುಂಪು ಸೇರುತ್ತಾರೆ. ಆದರೆ ಅವನೂ ಮಾಡಿದ್ದೇನು, ಯಾರು ಅಸಲಿ ಯಾರು ನಕಲಿ ಅಂತ ತಾನೇ ಇನ್ನೊಂದು ಲೈಸೆನ್ಸ್ ಆಫೀಸು ತೆರೆದ.

ನನಗೆ ಓದುವಾಗ ತಡೆದುಕೊಳ್ಳಲು ಆಗದ ಸಾವು ಅಂದರೆ ಟ್ವೈಸ್‌ದು. ತನ್ನದೇ ನಕಲುಗಳನ್ನು ಮಾಡಿ ಮಾಡಿ, ಅವು ಒಂದನ್ನೊಂದು ಕೊಂದು, ತಾನು ಅಸಲಿಯೋ ನಕಲಿಯೋ ಗೊತ್ತಾಗದೆ ತಲೆ ಕೆಟ್ಟವನು. ವಿಲನ್‌ಗಳ ಗುಂಪಿನಲ್ಲಿ ಮಾತ್ರ ಅವನಿಗೆ ಗೆಳೆಯರು ಸಿಕ್ಕಿದರು. ಹಾಕ್ಸ್ ಅನ್ನುವ ಹೀರೋ ಅವನ ಸ್ನೇಹ ಮಾಡಿ, ಗುಟ್ಟು ತಿಳಿದು, ಶರಣಾಗು ಅಂತ ಕೇಳಿಕೊಂಡು, ಕೊನೆಗೆ ಗೆಳೆಯರನ್ನು ಉಳಿಸಲು ಓಡುತ್ತಿದ್ದ ಅವನನ್ನು ಕೊಲ್ಲುತ್ತಾನೆ. ಯಾರನ್ನಾದರೂ ಉಳಿಸಲು ಓಡುವುದು ಮೊದಲ ಅಧ್ಯಾಯದಲ್ಲಿ ದೇಕು ಮಾಡಿದ ಕೆಲಸ. ಇಲ್ಲಿ ಅದನ್ನು ಮಾಡುವುದು ವಿಲನ್. ಟ್ವೈಸ್ ಬದುಕಿದ್ದರೆ ಸಾವಿರಾರು ಜನ ಸಾಯುತ್ತಿದ್ದರು, ಅದೂ ನಿಜ. ಆದರೂ ಆ ಪುಟಗಳನ್ನು ಓದಿ ಯಾರೂ ಹಾಕ್ಸ್‌ಗೆ ಚಪ್ಪಾಳೆ ತಟ್ಟಲಿಕ್ಕಿಲ್ಲ.

ಮಂಗಾದ ಒಳಗಿನ ಹಿಂಸೆ ಒಮ್ಮೆ ಹೊರಗೂ ಬಂತು. 2020ರ ಫೆಬ್ರವರಿಯಲ್ಲಿ, ಮನುಷ್ಯರ ಮೈಮೇಲೆ ಪ್ರಯೋಗ ಮಾಡುವ ಡಾಕ್ಟರ್ ವಿಲನ್‌ಗೆ 'ಮಾರುತ ಶಿಗಾ' ಅಂತ ಹೆಸರಿಟ್ಟರು. ಜಪಾನಿ ಭಾಷೆಯಲ್ಲಿ ಮಾರುತ ಅಂದರೆ ಮರದ ದಿಮ್ಮಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಚೀನಾದ ಹಾರ್ಬಿನ್ ಬಳಿ ಜಪಾನಿ ಸೇನೆಯ 731ನೇ ಘಟಕದವರು ತಾವು ಪ್ರಯೋಗಕ್ಕೆ ಕೊಯ್ಯುತ್ತಿದ್ದ ಕೈದಿಗಳನ್ನು ಕರೆಯುತ್ತಿದ್ದದ್ದು ಇದೇ ಪದದಿಂದ. ಚೀನಾದಲ್ಲಿ, ಕೊರಿಯಾದಲ್ಲಿ ಜನ ಸಿಟ್ಟಾದರು. ಚೀನಾದ ಆನ್‌ಲೈನ್ ತಾಣಗಳು ಮಂಗಾವನ್ನೇ ತೆಗೆದವು. ಅದು ಬೇಕಂತ ಮಾಡಿದ್ದಲ್ಲ ಅಂತ ಹೇಳಿ ಲೇಖಕರೂ ಪ್ರಕಾಶಕರೂ ಕ್ಷಮೆ ಕೇಳಿ ಹೆಸರು ಬದಲಾಯಿಸಿದರು. ಕಲ್ಪನೆಯ ವಿಲನ್ ಅಂತ ನಾವು ಎಷ್ಟೇ ಹೇಳಿದರೂ, ಆ ಪದ ಕೇಳಿದರೆ ಮೈ ಉರಿಯುವ ಮನೆಗಳು ಇನ್ನೂ ಇವೆ.

ಈಗ ನನ್ನ ದೂರು. ಕಥೆ ಮುಗಿಯಲು ಹತ್ತು ಹದಿನೈದು ಅಧ್ಯಾಯ ಇದ್ದಾಗ ಒಂದು ಗುಟ್ಟು ಹೊರಬರುತ್ತದೆ. ತೆಂಕೊಗೆ ಆ ಪುಡಿಮಾಡುವ ಶಕ್ತಿ ಕೊಟ್ಟವನೇ ಆಲ್ ಫಾರ್ ಒನ್ ಅಂತೆ, ತೆಂಕೊ ಹುಟ್ಟುವ ಮುಂಚಿನಿಂದಲೂ ಎಲ್ಲಾ ಅವನದೇ ಹೂಟ ಅಂತೆ. ಓದಿ ಫೋನು ಪಕ್ಕಕ್ಕೆ ಇಟ್ಟುಬಿಟ್ಟೆ. ಹತ್ತು ವರ್ಷ ಊರಿಗೆ ಊರೇ ಹೊಣೆ ಅಂತ ಹೇಳಿಕೊಂಡು ಬಂದು, ಕೊನೆಗೆ ಎಲ್ಲವನ್ನೂ ಒಬ್ಬ ಮುದುಕನ ತಲೆಗೆ ಕಟ್ಟಿದರೆ ಆ ಬೀದಿಯಲ್ಲಿ ಪಕ್ಕಕ್ಕೆ ಸರಿದವರೆಲ್ಲ ಆರಾಮಾಗಿ ಮನೆಗೆ ಹೋಗಬಹುದಲ್ಲ! ದೇಕು ಕೊನೆಯಲ್ಲಿ ಶಿಗರಾಕಿಯ ಮನಸ್ಸಿನೊಳಗೆ ಹೋಗಿ ಅಳುತ್ತಿದ್ದ ಆ ಮಗುವಿನ ಕೈ ಹಿಡಿಯುತ್ತಾನೆ, ಆದರೆ ಜೀವ ಉಳಿಸಲು ಆಗುವುದಿಲ್ಲ.

ಲೇಖಕರಿಗೂ ಇದು ಸಾಲದು ಅನಿಸಿತೋ ಏನೋ. ಯುದ್ಧ ಎಲ್ಲ ಮುಗಿದ ಮೇಲೆ, ಅಂತ್ಯಕ್ಕೆ ತೀರಾ ಹತ್ತಿರ, ಅವತ್ತು ತೆಂಕೊನನ್ನು ಬಿಟ್ಟು ಹೋಗಿದ್ದ ಆ ಹೆಂಗಸು ಮತ್ತೆ ಬರುತ್ತಾಳೆ. ಈಗ ಇನ್ನೂ ಮುದುಕಿ. ಬೀದಿಯಲ್ಲಿ ಇನ್ನೊಂದು ಮಗು, ನೋಡಿದರೆ ಭಯ ಆಗುವ ಮಗು, ಒಂಟಿಯಾಗಿ ಅಲೆಯುತ್ತಿದೆ. ಇವಳಿಗೂ ಭಯ ಇದೆ. ಆದರೂ ಹತ್ತಿರ ಹೋಗಿ ಕೈ ಹಿಡಿಯುತ್ತಾಳೆ. ಅವಳ ಹತ್ತಿರ ಲೈಸೆನ್ಸ್ ಇಲ್ಲ.

ಸರಿ, ಪ್ರಶ್ನೆ ಇದ್ದರೆ ಕೇಳಿ. ಎಂಡೆವರ್ ಪರ ಇರುವವರು ದಯವಿಟ್ಟು ಒಬ್ಬೊಬ್ಬರಾಗಿ.